ಲಿಂಬಿ ಸಾಹುಕಾರ್ರ ಡಾಲರ್ ಕರಾರು

ಲಿಂಬಿಕಾಯಿಗೂ ಡಾಲರಿಗೂ ಗಂಟು ಬಿದ್ದಾಗಿಂದ ನಮ್ಮ ಆಫೀಸಿನ್ಯಾಗ ನಗೂ ಪ್ರಸಂಗಕ್ಕ ಬರ ಇಲ್ಲ. ನಮ್ಮ ಇಂಡಿ ತಾಲೂಕಿನಿಂದ ದುಬೈಗೆ ಲಿಂಬಿಕಾಯಿ ಕಳಸೋ ಒಂದು ಸಣ್ಣ ಕಂಪನಿಯ ಲೆಕ್ಕಪತ್ರ ನಾ ನೋಡತೇನಿ. ಮಾಲಕರಿಗೆ ಎಲ್ಲಾರೂ ಸಾಹುಕಾರ್ರು ಅಂತಾರ. ಅವರು ನನಗ ಬಾಯಾರ ಅಂತಾರ. ಅವರು ಏಳನೇ ಇಯತ್ತಾ ಮುಗಿಸಿ ಸಾಲಿ ಬಿಟ್ಟವರು, ನಾ ಎಂ.ಕಾಂ. ಮಾಡಿದಾಕಿ. ಆ ಹಮ್ಮು ಭಾಳ ದಿನ ಉಳೀಲಿಲ್ಲ ಬಿಡ್ರಿ.

೧. ಒಂದು ಕಪ್ ಚಹಾದ ಪಾಠ

ದುಬೈಯಿಂದ ನಮಗ ರೊಕ್ಕ ಬರಾಕ ಮೂರು ತಿಂಗಳು ಬೇಕು. ಅಷ್ಟರಾಗ ಡಾಲರ್ ಇಳದ್ರ ನಮಗ ಲುಕ್ಸಾನು. ಅದಕ್ಕ ಫಾರ್ವರ್ಡ್ ಕರಾರು ಅಂತ ಐತಿ, ಸಾಹುಕಾರ್ರಿಗೆ ತಿಳಿಸಿ ಹೇಳೋಣು ಅಂತ ಎರಡು ದಿನ ಕುಂತು ಆರು ಹಾಳಿ ಬರದೆ.

"ಮುಂದ ಬರೋ ಡಾಲರನ್ನ ಇವತ್ತ ಗೊತ್ತು ಮಾಡಿದ ದರಕ್ಕ ಬ್ಯಾಂಕಿಗೆ ಮಾರೋದ್ರಿ..." ಅಂತ ಸುರು ಮಾಡಿದೆ.

"ಅಂದ್ರ ಗಿಡ ಹೂ ಬಿಟ್ಟಾಗ ವ್ಯಾಪಾರಿ ದರ ಗೊತ್ತು ಮಾಡಿ ತೋಟ ಹಿಡೀತಾನಲ್ಲ, ಹಂಗ. ಆಮ್ಯಾಲೆ ದರ ಏರಲಿ, ಇಳೀಲಿ, ಮಾತು ಮಾತ. ಹೌದಿಲ್ಲೋ?"

ನಾ ಎರಡು ವರ್ಷ ಓದಿದ್ದನ್ನ ಅವರು ಚಹಾ ಆರೋದ್ರೊಳಗ ಮುಗಿಸಿದ್ರು. ಮ್ಯಾಲೆ ಹಾಳಿ ತಿರುವಿ ಹಾಕಿ ಕೇಳಿದ್ರು: "ಎಲ್ಲಾ ಬರದೀರಿ ಬಾಯಾರ, ಗಿಡದಂಗ ಡಾಲರಿಗೆ ರೋಗ ಬಿದ್ರ ಔಷಧದ ಎಣ್ಣಿ ಹೊಡ್ಯಾವರು ಯಾರು ಅಂತ ಬರದ ಇಲ್ಲ."

೨. ಸುಮ್ಮನಿದ್ದವರ ಗಳಿಕಿ

ದರ ಗೊತ್ತು ಮಾಡೋದು ಫೋನಿನ್ಯಾಗ, ಸ್ಪೀಕರ್ ಹಾಕಿ. ಮುಂಬೈಯಿಂದ ಬ್ಯಾಂಕಿನ ಹೆಣ್ಣಮಗಳು ದರ ಹೇಳಿದ್ಲು. ಸಾಹುಕಾರ್ರು ಮಾತಾಡಲಿಲ್ಲ. "ಸರ್?" ಅಂದ್ಲು. ಇವರು ಪಿಟ್ಟೆನ್ನಲಿಲ್ಲ. ದನದ ಸಂತ್ಯಾಗ ಪಳಗಿದ ಮನಷ್ಯಾ, ಏನು ಗಟ್ಟಿ ಜೀವಾರೀ ಅಂತ ನಾ ಉಸಿರು ಹಿಡದು ನೋಡಾಕತ್ತೆ. ಕಡೀಕ ಆಕೀನ ಸೋತು, "ಆಯ್ತು ಸರ್, ಎರಡು ಪೈಸೆ ಹೆಚ್ಚಿಗೆ ಕೊಡ್ತೇವೆ" ಅಂದ್ಲು.

ಕರಾರು ಮುಗಿದ ಮ್ಯಾಲೆ ಕೈ ಮುಗದೆ. "ಸುಮ್ಮನ ಇದ್ದು ಗಳಿಸಿದ್ರಲ್ರಿ."

"ಸುಮ್ಮನ ಎಲ್ಲಿದ್ದೆ ಬಾಯಾರ, ಫೋನಿನ್ಯಾಗ ನನ್ನ ದನಿ ಬಂದ್ ಆಗಿತ್ತು. ಯಾವ ಗುಂಡಿ ಒತ್ತಬೇಕು ಅಂತ ಹುಡಕಾಕತ್ತಿದ್ದೆ."

೩. ಹದಿಮೂರು ಡಾಲರ್

ಮೂರು ತಿಂಗಳು ಕಳದ್ವು, ಡಾಲರ್ ಕೊಡೋ ಕರಾರಿನ ತಾರೀಖು ಸೋಮವಾರ ಇತ್ತು. ಶುಕ್ರವಾರ ಸುದ್ದಿ ಬಂತು: ಕಂಟೇನರ್ ಬಂದರದಾಗ ನಿಂತೈತಿ, ದುಬೈ ರೊಕ್ಕ ಎರಡು ವಾರ ತಡ. ಬ್ಯಾಂಕಿಗೆ ಇಪ್ಪತ್ತು ಸಾವಿರ ಡಾಲರ್ ಕೊಡತೇವಿ ಅಂತ ಸಹಿ ಮಾಡೇವಿ, ಕೈಯಾಗ ಒಂದೂ ಇಲ್ಲ. ಅದರಾಗ ಡಾಲರ್ ಏರಿ ಕುಂತಿತ್ತು, ಹೊರಗ ಕೊಂಡು ಕೊಟ್ರ ಲುಕ್ಸಾನು.

"ತಾರೀಖು ಮುಂದ ಹಾಕಸಾಕ ಬರ್ತೈತ್ರಿ" ಅಂದೆ.

"ಬಾಯಾರ, ನಮ್ಮಪ್ಪ ಕೊಟ್ಟ ತಾರೀಖು ಮುಂದ ಹಾಕಿದವ ಅಲ್ಲ. ನಾ ಹಾಕಿದ್ರ ಊರಾಗ ಹೆಂಗ ತಲಿ ಎತ್ತಿ ಅಡ್ಡಾಡ್ಲಿ?" ಅಂದವರು ಗಾಡಿ ತಗೊಂಡು ಹೋಗೇ ಬಿಟ್ರು.

ಎರಡು ದಿನ ಪತ್ತೆ ಇಲ್ಲ. ಸೋಮವಾರ ನಾ ಬ್ಯಾಂಕಿನ್ಯಾಗ ಕಾಯಾಕತ್ತಿದ್ದೆ, ಸೀದಾ ಅಲ್ಲಿಗೇ ಬಂದು, ಮ್ಯಾನೇಜರ್ ಮುಂದ ವಸ್ತ್ರದ ಗಂಟು ಬಿಚ್ಚಿದ್ರು. ಹದಿಮೂರು ಡಾಲರ್. ಸಿಂದಗಿ ಡಾಕ್ಟರ್ ಕಡೆ ಹತ್ತು, ಬಸವನ ಬಾಗೇವಾಡಿ ಪೆನ್ಶನ್ ಮಾಸ್ತರ ಕಡೆ ಎರಡು, ಮುದ್ದೇಬಿಹಾಳದಾಗಿನ ಸೋದರತ್ತಿ ಕಡೆ ಒಂದು. ಅತ್ತಿ ನೋಟಿಗೆ ಕುಂಕುಮ ಹತ್ತಿತ್ತು. ದೇವರ ಜಗಲಿ ಮ್ಯಾಲೆ ಇಟ್ಟು ಪೂಜಿ ಮಾಡತಿದ್ದಳಂತ.

"ಇವತ್ತಿಗೆ ಇಷ್ಟ ಕೂಡ್ಯಾವ್ರಿ. ಉಳದ ಹತ್ತೊಂಬತ್ತು ಸಾವಿರದ ಒಂಬೈನೂರಾ ಎಂಬತ್ತೇಳು ಹದಿನೈದು ದಿನದಾಗ ಕೊಡತೇನಿ."

ನನಗ ನಗು ಬಂತು. ಮ್ಯಾನೇಜರ್ ಮಾತ್ರ ಕುರ್ಚಿ ಬಿಟ್ಟು ಎದ್ದು ನಿಂತ್ರು.

"ಸಾಹುಕಾರ್ರ, ನೋಟು ತಗೊಳ್ಳಾಕ ಬರಂಗಿಲ್ರಿ. ಡಾಲರ್ ಏರಿದ ಕೂಡಲೆ ಕರಾರಿನ್ಯಾಗ ಸಂದಿ ಹುಡಕವರನ್ನ ನೋಡೇನಿ. ನೋಟು ಹುಡಕ್ಕೊಂಡು ತಾಲೂಕು ತಾಲೂಕು ತಿರುಗಿದವರನ್ನ ನೋಡಿಲ್ಲ. ಕರಾರಿನ ದರಕ್ಕೂ ಇವತ್ತಿನ ದರಕ್ಕೂ ಆಗಿರೋ ವ್ಯತ್ಯಾಸ ತುಂಬ್ರಿ, ಇವತ್ತಿನ ದರಕ್ಕ ಹೊಸ ತಾರೀಖು ಬರಕೊಳ್ಳೋಣು. ಆ ದರ ಮ್ಯಾಲೈತಿ, ದುಬೈ ಡಾಲರ್ ಬಂದಾಗ ತುಂಬಿದ್ದು ಹೆಚ್ಚೂಕಡಿಮಿ ತಿರುಗಿ ಬರ್ತೈತಿ. ಇದಕ್ಕ ಮಾತು ತಪ್ಪಿದ್ರು ಅಂತ ಯಾರೂ ಅನ್ನಂಗಿಲ್ಲ."

ಸಾಹುಕಾರ್ರು ವಸ್ತ್ರದಿಂದ ಮಾರಿ ಒರಸಕೊಂಡ್ರು. ಅಷ್ಟರಾಗ ಅತ್ತಿ ಫೋನು ಬಂತು.

"ಏನಾತೋ? ನನ್ನ ನೋಟಿನಿಂದ ನಿನ್ನ ಮಾನ ಉಳೀತೋ ಇಲ್ಲೋ?"

"ಉಳೀತಬೇ ಅತ್ತಿ."

"ಹಂಗಾದ್ರ ಆ ಬ್ಯಾಂಕಿನವಗ ಹೇಳು. ಇನ್ನ ಮ್ಯಾಲೆ ತಾರೀಖು ಇಡೂಮುಂದ ಮೊದಲು ನನ್ನ ಕೇಳಂತ."