ಕಿಂಡಿಯೊಳಗಿನ ಬಿಳುಪು

ಆ ಶನಿವಾರ ಬೆಳಗ್ಗೆ ಕ್ವಾಯ್ ಲೂನನ ಮನೆಗೆ ತೊಂದರೆ ಬಂದದ್ದು ಸತ್ತವರೊಬ್ಬರ ಮುಖದ ರೂಪದಲ್ಲಿ.

ಇಪೋ ಊರಿನ ಹಕ್ಕಾ ಚೀನೀಯರ ಸಂಘದ ಹಳೆಯ ಖಜಾಂಚಿ ಹೋದ ವಾರ ತೀರಿಕೊಂಡಿದ್ದರು. ಮನೆಯಲ್ಲಿ ಅವರದೊಂದು ಒಳ್ಳೆಯ ಫೋಟೋ ಇರಲಿಲ್ಲ. ಹೋದ ವರ್ಷ ಸಂಘದ ವಾರ್ಷಿಕ ಔತಣದಲ್ಲಿ ತೆಗೆದ ಗುಂಪು ಫೋಟೋದಿಂದ ಅವರ ಮುಖವನ್ನು ಬೇರೆ ಮಾಡಿ, ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿ ಪೂಜೆಗೆ ಇಟ್ಟರು. ಆ ಫೋಟೋ ತೆಗೆದವನು ಕ್ವಾಯ್ ಲೂನ್. ದೊಡ್ಡದಾದ ಮೇಲೆ ಖಜಾಂಚಿಯವರು ಆವಿಯಲ್ಲಿ ಬೆಂದ ಬನ್ನಿನಂತೆ ಕಾಣುತ್ತಿದ್ದರು. ಅವರ ಹೆಂಡತಿ ನೇರವಾಗಿ ಸಂಘದ ಅಧ್ಯಕ್ಷರ ಮನೆಗೆ ಹೋಗಿ, "ದಿನಾ ಊದುಬತ್ತಿ ಹಚ್ತೀನಿ, ಆದ್ರೆ ಯಾರಿಗೆ ಹಚ್ತಿದೀನಿ ಅಂತ ನಂಗೇ ಗೊತ್ತಾಗ್ತಿಲ್ಲ," ಎಂದು ಅತ್ತರು.

ಅಧ್ಯಕ್ಷ ಥಿಯಾಮ್ ಫಾ ಅವರು ಟೈರು ವ್ಯಾಪಾರಿ. ಅದಕ್ಕಿಂತ ಮುಖ್ಯವಾಗಿ, ಕ್ವಾಯ್ ಲೂನನ ಹೆಂಡತಿಯ ಅಣ್ಣ. ಚೌಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಬಂದವರು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಇದೇನಯ್ಯಾ ಇದು?"

"ಫ್ಲೇರ್, ಭಾವ," ಎಂದ ಕ್ವಾಯ್ ಲೂನ್.

ಈ ಮಾತನ್ನು ಅವನು ವರ್ಷಗಳಿಂದ ಹೇಳುತ್ತ ಬಂದಿದ್ದ. ಅವನದು ರೀಲು ಹಾಕುವ ಹಳೆಯ ಜರ್ಮನ್ ಕ್ಯಾಮೆರಾ. ನಿವೃತ್ತಿಯ ದುಡ್ಡಿನಲ್ಲಿ ಒಬ್ಬ ಹಲ್ಲಿನ ಡಾಕ್ಟರರಿಂದ ಕೊಂಡದ್ದು. ಅದರ ಕಿಂಡಿಗೆ ಕಣ್ಣಿಟ್ಟರೆ ನಡುವೆ ಪುಟ್ಟದೊಂದು ಚೌಕ ಕಾಣುತ್ತದೆ. ಚೌಕದೊಳಗೆ ಒಬ್ಬನೇ ಮನುಷ್ಯ ಇಬ್ಬರಾಗಿ ನಿಂತಿರುತ್ತಾನೆ. ಲೆನ್ಸು ತಿರುಗಿಸುತ್ತ ಹೋಗಿ, ಆ ಇಬ್ಬರೂ ಸೇರಿ ಒಬ್ಬನಾದಾಗ ಗುಂಡಿ ಒತ್ತಬೇಕು. ಆದರೆ ಈ ಮಾದರಿಗೆ ಒಂದು ಹುಳುಕಿದೆ ಎಂಬ ಮಾತಿತ್ತು. ಎದುರಿನಿಂದ ಬೆಳಕು ಬಿದ್ದರೆ ಚೌಕವೆಲ್ಲ ಬೆಳ್ಳಗಾಗಿ ಒಳಗಿನವರು ಮಾಯವಾಗುತ್ತಾರಂತೆ. ಅದಕ್ಕೇ ಫ್ಲೇರ್ ಎನ್ನುವುದು. ಕಾಫಿ ಅಂಗಡಿಯ ಗೆಳೆಯರಿಂದ ಈ ಪದ ಕಲಿತ ದಿನದಿಂದ ಕ್ವಾಯ್ ಲೂನನ ಬದುಕು ಹಗುರವಾಗಿತ್ತು. ಮದುವೆಯ ಫೋಟೋ ಮಸುಕಾದರೂ ಫ್ಲೇರ್, ಮಗುವಿಗೆ ತಿಂಗಳು ತುಂಬಿದ ಔತಣದ ಫೋಟೋ ಮಸುಕಾದರೂ ಫ್ಲೇರ್.

"ಮಂಚದ ಕೆಳಗೆ ಮಲಗಿದ್ದ ಬೆಕ್ಕಿನ ಫೋಟೋನೂ ಮಸುಕಾಗಿತ್ತಲ್ಲ, ಅಲ್ಲಿ ಯಾವ ಬೆಳಕಿತ್ರೀ?" ಅಡುಗೆಮನೆಯಿಂದ ಹೆಂಡತಿ ಸಿಯೂ ಯೋಕ್ ಕೇಳಿದಳು.

ಥಿಯಾಮ್ ಫಾ ತಂಗಿಯ ಮಾತಿಗೆ ಕಿವಿಗೊಡಲಿಲ್ಲ. "ನೋಡು, ಅದಕ್ಕೆ ರಿಪೇರಿ ಇದೆಯಂತೆ. ಹೊಸ ಥರದ ಕಿಂಡಿ ಹಾಕಿಸಿದ್ರೆ ಈ ನಿನ್ನ ಫ್ಲೇರ್ ಹೋಗತ್ತಂತೆ. ಇವತ್ತೇ ಹಾಕಿಸು, ಖರ್ಚು ಸಂಘದ್ದು. ಸಂಜೆ ಈ ವರ್ಷದ ಔತಣದಲ್ಲಿ ಗುಂಪು ಫೋಟೋ ಇದೆ. ಈ ಸಲವೂ ಮಸುಕಾಯ್ತೋ, ನಿನ್ನ ಬಿಲ್ಲೆ ಇನ್ನು ಔಷಧಿ ಅಂಗಡಿ ಲಿಯೂ ಮೇಡಂಗೆ. ಆಕೆ ಬರೀ ಫೋನಲ್ಲಿ ತೆಗೀತಾರೆ, ಹಲ್ಲಿಗೆ ಸಿಕ್ಕಿಕೊಂಡ ಸೊಪ್ಪೂ ಕಾಣತ್ತೆ."

ಬಿಲ್ಲೆ ಎಂದರೆ ಕೆಂಪು ರಿಬ್ಬನ್ನಿನ ಬಿಲ್ಲೆ. ಅದರ ಮೇಲೆ ಚಿನ್ನದ ಬಣ್ಣದಲ್ಲಿ 'ಸಂಘದ ಛಾಯಾಗ್ರಾಹಕರು' ಎಂದು ಬರೆದಿತ್ತು. ಮೂವತ್ತು ವರ್ಷ ಭೂಮಾಪನ ಕಚೇರಿಯಲ್ಲಿ ಯಾರಿಗೂ ಹೆಸರು ನೆನಪಿರದ ಗುಮಾಸ್ತನಾಗಿ ಕಳೆದ ಕ್ವಾಯ್ ಲೂನನನ್ನು ಊರಿನವರು ಈಗ ಗುರುತು ಹಿಡಿಯುತ್ತಿದ್ದುದು ಆ ಬಿಲ್ಲೆಯಿಂದ. ಅದನ್ನು ಎದೆಗೆ ಚುಚ್ಚಿಕೊಂಡರೆ ಟೌನ್ ಕೌನ್ಸಿಲರು ಕೂಡ ಅವನು ಹೇಳಿದ ಕಡೆಗೆ ಕತ್ತು ತಿರುಗಿಸುತ್ತಿದ್ದರು. ಅದು ಹೋದರೆ ಅವನು ಮತ್ತೆ ಸಿಯೂ ಯೋಕಳ ಗಂಡ, ಅಷ್ಟೇ.

ಹಾಗಾದರೆ ಹೊಸ ಕಿಂಡಿ ಹಾಕಿಸಿಬಿಡಬಹುದಲ್ಲ? ಅಲ್ಲೇ ಇತ್ತು ಅವನ ಸಂಕಟ. ಫ್ಲೇರ್ ಹೋದ ಮೇಲೂ ಫೋಟೋ ಮಸುಕಾದರೆ ಏನು ಹೇಳುವುದು? ಕ್ಯಾಮೆರಾದ ದೋಷ ಕಳೆದರೆ ಉಳಿಯುವುದು ಕ್ಯಾಮೆರಾ ಹಿಡಿದವನು ಮಾತ್ರ. ಇದು ಅವನಿಗೆ ಒಳಗೊಳಗೇ ಗೊತ್ತಿತ್ತು. ಬೇಡ ಎನ್ನಲು ಒಂದು ಗೌರವದ ಕಾರಣ ಹುಡುಕಿಕೊಂಡು ಅವನು ಕಾಫಿ ಅಂಗಡಿಗೆ ಓಡಿದ.

ಅಲ್ಲಿ ಅವನ ಕ್ಯಾಮೆರಾ ಗೆಳೆಯರಿಬ್ಬರು ಆಗಲೇ ಕೂತಿದ್ದರು. ರೈಲ್ವೆಯಿಂದ ನಿವೃತ್ತನಾದ ಶಿವನೇಸನ್, ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಬಹಾರುದ್ದೀನ್. ಇಬ್ಬರೂ ಫೋಟೋ ತೆಗೆಯುವುದು ಕಡಿಮೆ, ಕ್ಯಾಮೆರಾ ಒರೆಸುವುದು ಹೆಚ್ಚು.

ಶಿವನೇಸನ್ ಕಿಂಡಿಗೆ ಕಣ್ಣಿಟ್ಟವನೇ ಕೂಗಿಕೊಂಡ. "ಅಯ್ಯಯ್ಯೋ, ಮೊಸರನ್ನ ಮಾರಾಯ, ಮೊಸರನ್ನ! ಇದರಲ್ಲಿ ಇಷ್ಟು ದಿನ ಹೇಗೆ ಬದುಕಿದ್ಯೋ? ಇವತ್ತೇ ತೆಗೆಸಿ ಬಿಸಾಕು!"

"ಇಲ್ಲಿ ಕೊಡಿ," ಎಂದು ಬಹಾರುದ್ದೀನ್ ಕಿತ್ತುಕೊಂಡರು. "ಹೌದಪ್ಪಾ, ಬೆಳ್ಳಗಿದೆ. ನನ್ನ ಪೊರೆ ಬಂದಿರೋ ಕಣ್ಣಿಗೂ ಗೊತ್ತಾಗ್ತಿದೆ. ಆದ್ರೂ ಮುಟ್ಟಬೇಡಿ. ಕಾರ್ಖಾನೆಯಿಂದ ಬಂದ ಹಾಗೇ ಇರ್ಬೇಕು. ಒಂದು ಸ್ಕ್ರೂ ಬದಲಾದ್ರೂ ಅದು ಬೇರೆ ಕ್ಯಾಮೆರಾ."

ಕ್ವಾಯ್ ಲೂನನಿಗೆ ಜೀವ ಬಂತು. "ಅದೇ ಮೇಷ್ಟ್ರೇ, ಅದರ ಅಸಲುತನ..."

"ಅಸಲುತನ ಕಟ್ಕೊಂಡು ಏನ್ಮಾಡ್ತೀರಿ?" ಶಿವನೇಸನ್ ಮೇಜು ಕುಟ್ಟಿದ. "ನಿಮ್ಮ ಅಸಲಿ ಹಲ್ಲು ಎಲ್ಲಿವೆ ಮೇಷ್ಟ್ರೇ? ಕಟ್ಟಿಸಿದ ಹಲ್ಲಲ್ಲೇ ತಾನೇ ಟೋಸ್ಟ್ ಕಡೀತಿರೋದು?"

ಮೇಷ್ಟ್ರು ಟೋಸ್ಟು ಕೆಳಗಿಟ್ಟರು. ಅಲ್ಲಿಂದ ಮುಂದೆ ಮಾತು ಬೆಳೆದು ಪ್ರಯೋಗಕ್ಕೆ ತಿರುಗಿತು. ರಿಪೇರಿಯೇ ಬೇಡ, ಬೆಳಕು ಬೀಳದಂತೆ ನೋಡಿಕೊಂಡರೆ ಸಾಕೆಂದು ಮೇಷ್ಟ್ರು ತಮ್ಮ ಕರಿ ಟೋಪಿಯನ್ನು ಕ್ವಾಯ್ ಲೂನನ ಹುಬ್ಬಿನವರೆಗೆ ಇಳಿಸಿದರು. ಪಕ್ಕದ ಮೇಜಿನಲ್ಲಿ ನೂಡಲ್ಸ್ ತಿನ್ನುತ್ತಿದ್ದ ಅಪರಿಚಿತನೊಬ್ಬ ಎದ್ದು ಬಂದು ಛತ್ರಿ ಬಿಚ್ಚಿ ಹಿಡಿದ. ಇನ್ನೊಬ್ಬ ಕಿಂಡಿಯ ಸುತ್ತ ಕರೆಂಟಿನ ಟೇಪು ಸುತ್ತಿದ. "ಈಗ ಹಿಂದೆ ಹೋಗು, ಇನ್ನೂ ಹಿಂದೆ, ಈಗ ನೋಡು!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಹಿಂದೆ ಹಿಂದೆ ಹೋದ ಕ್ವಾಯ್ ಲೂನ್ ಪಾತ್ರೆ ತೊಳೆಯುವ ಟಬ್ಬಿನಲ್ಲಿ ಕುಳಿತ.

"ಕಾಣ್ತಾ?" ಎಂದು ಶಿವನೇಸನ್ ಆತುರದಿಂದ ಕೇಳಿದ.

"ನಿಮ್ಮ ಫೋಟೋಗೆ ಬೆಂಕಿ ಬೀಳ!" ಎಂದಳು ಪಾತ್ರೆ ತೊಳೆಯುವವಳು. "ಎದ್ದೇಳ್ರೀ, ಬಟ್ಟಲು ಒಡೀತು!"

ಒದ್ದೆ ಪ್ಯಾಂಟಿನಲ್ಲೇ ಅವನನ್ನು ಶಿವನೇಸನ್ ಕಾರಿಗೆ ತುಂಬಿದ. ಬಿಟ್ಟರೆ ತಪ್ಪಿಸಿಕೊಳ್ಳುತ್ತಾನೆ ಎಂದು ಅಧ್ಯಕ್ಷರು ಮೊದಲೇ ಫೋನು ಮಾಡಿ ಹೇಳಿದ್ದರಂತೆ. ತಡೆಯಲೆಂದು ಮೇಷ್ಟ್ರೂ ಹತ್ತಿದರು. ಕ್ಯಾಮೆರಾ ರಿಪೇರಿಯ ಚೀ ವಾನ ಅಂಗಡಿ ಇದ್ದದ್ದು ಮರದ ಮೆಟ್ಟಿಲ ಮೇಲೆ, ಕಪಾಟಿನಷ್ಟು ಜಾಗದಲ್ಲಿ. "ಒಬ್ಬರು ಬನ್ನಿ, ಮಾತಾಡೋರು ಕೆಳಗಿರಿ," ಎಂದು ಅವನು ಮೇಲಿನಿಂದಲೇ ಗದರಿಸಿದ. ಕ್ವಾಯ್ ಲೂನ್ ಒಬ್ಬನೇ ಹತ್ತಿದ.

ಚೀ ವಾ ಟೇಪು ಕಿತ್ತ, ಕಿಂಡಿಯಲ್ಲಿ ನೋಡಿದ, ಮೇಲಿನ ಮುಚ್ಚಳ ಬಿಚ್ಚಿ ಇನ್ನೊಮ್ಮೆ ನೋಡಿದ.

"ಏನು ಮಾಡ್ಬೇಕು ಇದಕ್ಕೆ?"

"ಹೊಸ ಕಿಂಡಿ ಹಾಕ್ಬೇಕಂತೆ. ಫ್ಲೇರ್ ಇದೆಯಲ್ಲ."

"ಎಲ್ಲಿದೆ? ಹೊಸದು ಹಾಕಿ ಕಾಲ ಆಯ್ತಲ್ಲ ಸ್ವಾಮಿ. ನಾನೇ ಹಾಕಿದ್ದು. ನಿಮಗೆ ಮಾರೋ ಮುಂಚೆ ಆ ಹಲ್ಲಿನ ಡಾಕ್ಟ್ರು ಹಾಕಿಸಿದ್ರು. ದೀಪಕ್ಕೆ ಹಿಡಿದು ನೋಡಿ, ಕನ್ನಡಿ ಥರ ಇದೆ."

ಕ್ವಾಯ್ ಲೂನ್ ಮೇಜಿನ ದೀಪಕ್ಕೆ ಹಿಡಿದು ನೋಡಿದ. ನಡುವಿನ ಚೌಕ ಸ್ಪಷ್ಟವಾಗಿತ್ತು. ಅದರಲ್ಲಿ ಚೀ ವಾ ಇಬ್ಬರಾಗಿ ನಿಂತಿದ್ದ, ಇಬ್ಬರ ಗಲ್ಲದ ಮೇಲಿನ ಮಚ್ಚೆಯೂ ಕಾಣುತ್ತಿತ್ತು. ಕ್ವಾಯ್ ಲೂನ್ ಕ್ಯಾಮೆರಾ ಕೆಳಗಿಟ್ಟ. ಮದುವೆಗಳು, ಮಕ್ಕಳು, ಬೆಕ್ಕು, ಖಜಾಂಚಿ, ಎಲ್ಲರನ್ನೂ ಬನ್ನು ಮಾಡಿದ್ದು ಅವನೇ, ಸ್ವಂತ ಕೈಯಿಂದ.

ಕೆಳಗೆ ಗೆಳೆಯರು ಇನ್ನೂ ಹಲ್ಲಿನ ವಿಷಯಕ್ಕೆ ಜಗಳವಾಡುತ್ತಿದ್ದರು. ಇಲ್ಲಿನ ಮಾತು ಅವರಿಗೆ ಕೇಳಿಸಿರಲಿಲ್ಲ. ಕ್ವಾಯ್ ಲೂನ್ ಬಾಗಿಲು ಮುಚ್ಚಿ ಬಂದು ದನಿ ತಗ್ಗಿಸಿದ.

"ಹಳೇದು ಇದೆಯಾ?"

"ಏನು ಹಳೇದು?"

"ಫ್ಲೇರ್ ಬರೋ ಕಿಂಡಿ. ಇದನ್ನ ತೆಗೆದು ಅದನ್ನ ಹಾಕಿ."

ಚೀ ವಾ ಕನ್ನಡಕ ತೆಗೆದು ಅವನನ್ನು ನೋಡಿದ. "ಬಿಳುಪು ತೆಗೆಸೋಕೆ ಬರೋರನ್ನ ನೋಡಿದೀನಿ. ಹಾಕಿಸೋಕೆ ಬಂದಿರೋದು ನೀವೇ ಮೊದಲು. ಹಳೇದು ಒಂದಿದೆ. ಆದ್ರೆ ಈಗ ಅದು ಅಪರೂಪ ಸ್ವಾಮಿ, ಹೊಸದಕ್ಕಿಂತ ಜಾಸ್ತಿ ಆಗತ್ತೆ."

"ಆಗಲಿ."

ಲೆಕ್ಕಾಚಾರ ಸರಳವಾಗಿತ್ತು. ಸಂಜೆ ಎಲ್ಲರ ಕಣ್ಣಿಗೂ ಕ್ಯಾಮೆರಾ ಹಿಡಿದು ತೋರಿಸುವುದು. ನೋಡಿ, ನಿಜವಾಗಿ ಬೆಳ್ಳಗಿದೆ, ರಿಪೇರಿಯವನ ಕೈಯಲ್ಲೂ ಆಗಲಿಲ್ಲ ಎನ್ನುವುದು. ಇನ್ನು ಸಾಯುವವರೆಗೂ ಯಾರೂ ಬಿಲ್ಲೆಯ ಸುದ್ದಿಗೆ ಬರುವುದಿಲ್ಲ. ಚೀ ವಾ ಊಟ ಬಿಟ್ಟು ಕೂತು ಸಂಜೆಯೊಳಗೆ ಕೆಲಸ ಮುಗಿಸಿದ. ಕ್ವಾಯ್ ಲೂನ್ ದೀಪಕ್ಕೆ ಹಿಡಿದು ನೋಡಿದ. ಹಾಲಿನಂಥ ಬಿಳುಪು! ತನ್ನ ಹಳೆಯ ಗೆಳೆಯನನ್ನು ಮೊದಲ ಸಲ ಕಣ್ಣಾರೆ ಕಂಡಂತೆ ಅವನಿಗೆ ಆನಂದವಾಯಿತು.

ಔತಣದ ಹಾಲಿಗೆ ಕಾಲಿಟ್ಟಾಗ ಥಿಯಾಮ್ ಫಾ ಮೈಕು ಹಿಡಿದು ನಿಂತಿದ್ದರು.

"ಬಂಧುಗಳೇ, ನಮ್ಮ ಕ್ವಾಯ್ ಲೂನನ ಕ್ಯಾಮೆರಾಗೆ ಇಷ್ಟು ವರ್ಷದಿಂದ ಅಂಟಿದ್ದ ರೋಗ ಇವತ್ತು ವಾಸಿಯಾಗಿದೆ! ನಾನೇ ಅಂಗಡಿಗೆ ಫೋನ್ ಮಾಡಿ ಕೇಳಿದೆ. ಕಿಂಡಿ ಬದಲಾಯಿಸಿ ಆಯ್ತು ಅಂತ ಚೀ ವಾನೇ ಹೇಳಿದ. ಇನ್ನು ಯಾವ ನೆಪಾನೂ ಇಲ್ಲ!"

ಚಪ್ಪಾಳೆ ಬಿತ್ತು. ಅಧ್ಯಕ್ಷರೇ ಇಳಿದು ಬಂದು ಕೆಂಪು ಬಿಲ್ಲೆಯನ್ನು ಅವನ ಎದೆಗೆ ಚುಚ್ಚಿದರು.

"ಇಲ್ಲ ಭಾವ, ಅದು ಸರಿಯಾಗಿಲ್ಲ, ನೀವೇ ನೋಡಿ," ಎಂದು ಕ್ವಾಯ್ ಲೂನ್ ಕ್ಯಾಮೆರಾ ಚಾಚಿದ. ಭಾವನಿಗಿಂತ ಮೊದಲು ಶಿವನೇಸನ್ ಅದನ್ನು ಕಿತ್ತುಕೊಂಡು, ತೂಗುದೀಪದ ಕಡೆಗೇ ತಿರುಗಿಸಿ ನೋಡಿದ.

"ಆಹಾ! ಏನು ವ್ಯತ್ಯಾಸ ಮಾರಾಯ! ಬೆಳಗ್ಗೆ ಮೊಸರನ್ನ, ಈಗ ನೋಡು, ಕೊಳದ ನೀರು!"

"ಒಪ್ಪಿಕೊಳ್ಳಲೇಬೇಕಪ್ಪ," ಎಂದರು ಬಹಾರುದ್ದೀನ್ ಮೇಷ್ಟ್ರು, ಪೊರೆಯ ಕಣ್ಣು ಕಿಂಡಿಗೊತ್ತಿ. "ಅಸಲುತನ ಹೋಯ್ತು, ಆದ್ರೆ ಬಿಳುಪೂ ಹೋಯ್ತು. ಫಳಫಳ ಅಂತಿದೆ."

ಥಿಯಾಮ್ ಫಾ ಕೂಡ ಇಣುಕಿ, ಸಂಘದ ದುಡ್ಡಿಗೆ ಬೆಲೆ ಬಂತೆಂದು ತಲೆದೂಗಿದರು. ಲಿಯೂ ಮೇಡಂ ಫೋನನ್ನು ಚೀಲದೊಳಗೆ ಹಾಕಿ, "ಅದರ ಮುಂದೆ ನಮ್ಮದೆಲ್ಲ ಏನ್ರೀ," ಎಂದು ಸಾಲಿನಲ್ಲಿ ಹೋಗಿ ನಿಂತರು. ಖಜಾಂಚಿಯವರ ಹೆಂಡತಿಯನ್ನು ಎಲ್ಲರೂ ಸೇರಿ ಮುಂದಿನ ಸಾಲಿನ ನಡುವೆ ಕೂರಿಸಿದರು. "ನಂದು ಚೆನ್ನಾಗಿ ಬರ್ಲಿ ಕಣಪ್ಪ, ನಾನೂ ಇನ್ನೆಷ್ಟು ದಿನವೋ," ಎಂದರು ಆಕೆ.

ಕ್ವಾಯ್ ಲೂನ್ ಕಿಂಡಿಗೆ ಕಣ್ಣಿಟ್ಟ. ತೂಗುದೀಪಗಳೆಲ್ಲ ಎದುರಿಗೇ ಉರಿಯುತ್ತಿದ್ದವು. ಚೌಕದೊಳಗೆ ಆಕೆಯೂ ಇರಲಿಲ್ಲ, ಭಾವನೂ ಇರಲಿಲ್ಲ, ಇದ್ದದ್ದು ಬರೀ ಬಿಳುಪು. ಬಿಳುಪು ಇಲ್ಲದಿದ್ದಾಗ ಅದು ಊರವರಿಗೆಲ್ಲ ಕಂಡಿತ್ತು. ಈಗ ನಿಜವಾಗಿ ಇದೆ, ಕಾಣುತ್ತಿರುವುದು ಅವನೊಬ್ಬನಿಗೆ ಮಾತ್ರ.

"ಕಾಣ್ತಿದೆ ತಾನೇ?" ಎಂದು ಭಾವ ಕೂಗಿ ಕೇಳಿದರು.

"ಎಲ್ಲರೂ ಚೆನ್ನಾಗಿ ಕಾಣ್ತಿದೀರಿ ಭಾವ," ಎಂದು ಕ್ವಾಯ್ ಲೂನ್ ಗುಂಡಿ ಒತ್ತಿದ.