ಗೋಡೆಯ ನಾಡಿ ಹಿಡಿಯುವ ಅತ್ತೆ

ನಮ್ಮ ಸೋದರತ್ತೆಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಮರುದಿನ ಬೆಳಿಗ್ಗೆ ತಿಂಡಿಗೆ ಒಗ್ಗರಣೆ-ಮಿರ್ಚಿ ಸಿಗುವುದಿಲ್ಲ! ಆದರೆ ನೀವೇ ಹೇಳಿ: ಬೆಳಗಿನ ಆರಕ್ಕೆ ಕಿವಿಗೆ ಸ್ಟೆತೊಸ್ಕೋಪ್ ಸಿಕ್ಕಿಸಿಕೊಂಡು, ಕಂಡವರ ಮನೆಯ ಗೋಡೆಗೆ ಆತು ನಿಂತು, "ಉಸುರು ಬಿಡಬ್ಯಾಡ್ರಿ, ನನಗ ಕೇಳಿಸವಲ್ದು" ಎಂದು ಆ ಮನೆಯ ಯಜಮಾನನನ್ನೇ ಗದರುವ ಹೆಂಗಸನ್ನು ಏನೆಂದು ಕರೆಯುತ್ತೀರಿ? ನಮ್ಮ ಬಡಾವಣೆಯವರು "ಅಧ್ಯಕ್ಷರೇ" ಎಂದು ಕರೆಯುತ್ತಾರೆ.

ಅತ್ತೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನಿವೃತ್ತಿಯ ದಿನ ಉಳಿದವರೆಲ್ಲ ಹಾರ, ಗಡಿಯಾರ ತೆಗೆದುಕೊಂಡು ಮನೆಗೆ ಬಂದರೆ ಇವಳು ವಾರ್ಡನ್ನೇ ತಲೆಯೊಳಗಿಟ್ಟುಕೊಂಡು ಬಂದಳು. ಬಳ್ಳಾರಿಯ ಗಾಂಧಿನಗರದ ಮಗ್ಗುಲಲ್ಲಿ ನಮ್ಮದೊಂದು ಪುಟ್ಟ ಬಡಾವಣೆ. ಅದಕ್ಕೊಂದು ಗೃಹ ನಿರ್ಮಾಣ ಸಹಕಾರ ಸಂಘ. ಮನೆಗಳೆಲ್ಲ ಕಟ್ಟಿ ಮುಗಿದಿದ್ದವು. ವರ್ಷಕ್ಕೊಮ್ಮೆ ಧ್ವಜ ಹಾರಿಸಿ ಬೂಂದಿ ಹಂಚುವುದನ್ನು ಬಿಟ್ಟರೆ ಸಂಘಕ್ಕೆ ಬೇರೆ ಕೆಲಸವಿರಲಿಲ್ಲ. ಅತ್ತೆ ಅವಿರೋಧವಾಗಿ ಅಧ್ಯಕ್ಷೆಯಾದಳು. ವಿರೋಧಿಸುವ ಧೈರ್ಯ ಯಾರಿಗಿತ್ತು? ಅರ್ಧ ಬಡಾವಣೆಗೆ ಅವಳೇ ಸೂಜಿ ಚುಚ್ಚಿದ್ದಳು! ಕಾಲೇಜಿನ ಗ್ರಂಥಾಲಯದಲ್ಲಿ ಸದ್ದಿಲ್ಲದೆ ಬದುಕಿಕೊಂಡಿದ್ದ ನನ್ನನ್ನು ಕಾರ್ಯದರ್ಶಿ ಮಾಡಿದಳು. ಕಾರ್ಯದರ್ಶಿ ಎಂದರೆ ಏಣಿ ಹಿಡಿದುಕೊಂಡು ನಿಲ್ಲುವವನು ಎಂದು ನನಗಾಗ ಗೊತ್ತಿರಲಿಲ್ಲ.

ಆಮೇಲೆ ಶುರುವಾಯಿತು ಬೆಳಗಿನ ರೌಂಡ್ಸ್. ತುಂಬಿ ಹರಿಯುವ ಟ್ಯಾಂಕ್ ಕಂಡರೆ, "ಈ ಮನಿಗೆ ಭೇದಿ ಹತ್ತೈತಿ." ಗೋಡೆ ತೇವವಾಗಿದ್ದರೆ, "ಒಳಗಿಂದೊಳಗ ರಕ್ತಸ್ರಾವ." ಒಂದು ದಿನ ಪಕ್ಕದ ಮನೆಯ ತೆಲುಗು ಅಜ್ಜಿ ಗಾಬರಿಯಿಂದ ಹೊರಗೆ ಬಂದು, "ಏಮಮ್ಮಾ, ಗೋಡಕಿ ಜ್ವರಮಾ?" ಎಂದು ಕೇಳಿದಳು. ಅತ್ತೆ ಸ್ಟೆತೊಸ್ಕೋಪ್ ತೆಗೆಯದೆಯೇ, "ಜ್ವರ ಅಲ್ಲವ್ವಾ, ನೆಗಡಿ" ಅಂದಳು.

ರೋಗ ಹಿಡಿಯುವುದೇನೋ ಸರಿ, ವೈದ್ಯ ಬೇಕಲ್ಲ? ನಮ್ಮಲ್ಲೊಬ್ಬ ನಲ್ಲಿ ರಿಪೇರಿಯವನಿದ್ದ. ಯಾವಾಗ ಫೋನ್ ಮಾಡಿದರೂ "ನಾಳಿ ಬರ್ತೀನ್ರಿ" ಎನ್ನುತ್ತಿದ್ದುದರಿಂದ ಅವನ ನಿಜವಾದ ಹೆಸರು ಮರೆತುಹೋಗಿ ನಾಳೆಪ್ಪ ಎಂಬುದೇ ನಿಂತುಬಿಟ್ಟಿತ್ತು. ಒಮ್ಮೆ ನಮ್ಮ ಮನೆಯ ಪೈಪು ಒಡೆದು ನೀರು ಬೀದಿಗೆ ಚಿಮ್ಮುತ್ತಿತ್ತು. ನಾಳೆಪ್ಪನದು ಅದೇ ಪಲ್ಲವಿ. ಎದುರಿನ ಕಟ್ಟಡದಲ್ಲಿ ಗಾರೆ ಹೊರುತ್ತಿದ್ದ ಹೆಣ್ಣುಮಗಳೊಬ್ಬಳು ಬುಟ್ಟಿ ಇಳಿಸಿ ಬಂದು, ಸೈಕಲ್ ಟ್ಯೂಬಿನ ತುಂಡು ಸುತ್ತಿ, ತಂತಿ ಬಿಗಿದು, ಕೈ ಒರೆಸಿಕೊಂಡು ಹೊರಟೇಬಿಟ್ಟಳು. ಅತ್ತೆ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

"ಎಲ್ಲಿ ಕಲ್ತಿ ಇದನ್ನ?"

"ನೋಡಿ ಕಲ್ತೀನ್ರಿ. ನಮ್ಮೂರು ಸಿರಿಗೇರಿ. ಅಲ್ಲಿ ನಳಾ ಕೆಟ್ರ ಯಾರೂ ಬರಂಗಿಲ್ರಿ. ಸಿರುಗುಪ್ಪದಿಂದ ಕರಸಬೇಕು, ಅವ್ರು ಬರದ್ರಾಗ ಹಬ್ಬ ಮುಗೀತೈತಿ."

ಅವಳು ಹುಲಿಗೆಮ್ಮ. ಅತ್ತೆ ಅಲ್ಲೇ, ಒದ್ದೆ ಸೀರೆಯಲ್ಲೇ, ಒಂದು ಉದ್ಯಮ ಹುಟ್ಟಿಸಿದಳು. ಸಂಘದ ಖಾಲಿ ಸಭಾಂಗಣದಲ್ಲಿ ಹುಲಿಗೆಮ್ಮನೂ ಸೇರಿ ಸಿರಿಗೇರಿಯ ನಾಲ್ವರು ಹೆಣ್ಣುಮಕ್ಕಳಿಗೆ ನಲ್ಲಿ ಕೆಲಸದ ತರಬೇತಿ. ಕಲಿತ ಮೇಲೆ ವಾರದಲ್ಲಿ ಮೂರು ದಿನ ನಮ್ಮ ಬಡಾವಣೆಯ ಮನೆಗಳ ದುರಸ್ತಿ, ಉಳಿದ ಮೂರು ದಿನ ಹಳ್ಳಿಗಳಲ್ಲಿ. ಇಲ್ಲಿನ ಗಳಿಕೆ ಅಲ್ಲಿನ ಪೈಪಿಗೆ, ವಾಷರಿಗೆ. ಬಳ್ಳಾರಿಯವರ ಸೋರುವ ನೀರು ನಿಲ್ಲಬೇಕು, ಹಳ್ಳಿಯವರ ನೀರು ಹರಿಯಬೇಕು. ಇದು ಅತ್ತೆಯ ಅರ್ಥಶಾಸ್ತ್ರ!

ಪಾಠ ಹೇಳಲು ಐಟಿಐಯ ನಿವೃತ್ತ ಮೇಷ್ಟ್ರೊಬ್ಬರು ಸಿಕ್ಕರು. ಪ್ರಯೋಗಕ್ಕೆ ಹೆಣ ಬೇಕಲ್ಲ? ನಮ್ಮ ಮನೆ ಸಿಕ್ಕಿತು. ಒಂದು ಭಾನುವಾರ ಮೈತುಂಬ ಸಾಬೂನು ಹಚ್ಚಿಕೊಂಡು ನಿಂತಾಗ ನಲ್ಲಿ ಗೊಟರ್ ಎಂದು ನಿಂತಿತು.

"ಅತ್ತೀ! ನೀರು!"

"ತಡಿಯಲೇ, ಆಪರೇಷನ್ ನಡದೈತಿ!"

"ಕಣ್ಣಾಗ ಸಾಬೂನು ಐತಿ ಅತ್ತಿ!"

"ಕಣ್ಣು ಮುಚ್ಚಿಕೋ. ಅದನ್ನೂ ನಾನ ಹೇಳಬೇಕೇನು?"

ಮೂರು ತಿಂಗಳಲ್ಲಿ ನಮ್ಮ ಮನೆಯ ಒಂದೊಂದು ನಲ್ಲಿಯೂ ನಾಲ್ಕು ಸಲ ಸತ್ತು ನಾಲ್ಕು ಸಲ ಹುಟ್ಟಿತು. ಹೆಣ್ಣುಮಕ್ಕಳು ಮಾತ್ರ ಪಳಗಿಬಿಟ್ಟರು.

ಕೆಲಸ ಶುರುವಾದ ಮೊದಲ ವಾರವೇ ಎದುರುಮನೆಯ ವಕೀಲರು ಗೇಟಿನಲ್ಲಿ ನಿಂತರು. ಅವರ ಟ್ಯಾಂಕು ಸೋರುತ್ತಿತ್ತು, ಹುಲಿಗೆಮ್ಮ ಏಣಿ ಹತ್ತಲು ಸಿದ್ಧಳಾಗಿದ್ದಳು. ವಕೀಲರು ಅತ್ತೆಯನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಅಲ್ರೀ ಸಿಸ್ಟರ್, ನಾವು ಕುಡಿಯೋ ನೀರಿನ ಟ್ಯಾಂಕ್ ಅದು. ಇವ್ರು ಯಾವ ಪೈಕಿ?"

ಅತ್ತೆಗೆ ದನಿ ತಗ್ಗಿಸುವುದು ಬರುವುದಿಲ್ಲ. ಇಡೀ ಬೀದಿಗೆ ಕೇಳುವಂತೆ, "ಪೈಪಿನ ಪೈಕಿ ರೀ!" ಅಂದಳು. "ಹತ್ತು ಹುಲಿಗೆಮ್ಮ. ಏಣಿ ಹಿಡಿಯಲೇ ನೀನು!"

ಹಿಡಿದೆ. ವಕೀಲರ ಟ್ಯಾಂಕಿನ ಸೋರಿಕೆ ನಿಂತಿತು, ಸಿಟ್ಟು ನಿಲ್ಲಲಿಲ್ಲ.

ಕುರುಗೋಡು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ನೀರಿಲ್ಲದೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಬಿದ್ದಿತ್ತು. ನಮ್ಮವರು ಹೋಗಿ ಎರಡು ದಿನದಲ್ಲಿ ಬೀಗ ತೆಗೆಸಿದರು. ಸಂತೋಷಗೊಂಡ ಹೆಡ್‌ಮಾಸ್ತರರು ಸನ್ಮಾನ ಇಟ್ಟುಕೊಂಡರು. ಒಂದು ಶಾಲು ಅತ್ತೆಗೆ, ಒಂದು ನನಗೆ! ನಾನು ನಾಚಿಕೆಯಿಲ್ಲದೆ ಕುತ್ತಿಗೆ ಬಗ್ಗಿಸಿದ್ದೆ ಕೂಡ. ಅತ್ತೆ ನನ್ನ ಮೈಮೇಲಿನದನ್ನೂ ಕಿತ್ತುಕೊಂಡು, ಅರವತ್ತಾರರ ವಯಸ್ಸಿನಲ್ಲಿ ಏಣಿ ಹತ್ತಿ ಮಾಳಿಗೆಗೆ ಹೋದಳು. ಟ್ಯಾಂಕಿನೊಳಗಿಳಿದು ತೊಳೆಯುತ್ತಿದ್ದ ಹುಲಿಗೆಮ್ಮನ ತಲೆ ಮಾತ್ರ ಹೊರಗಿತ್ತು. ಆ ತಲೆಗೇ ಶಾಲು ಹೊದಿಸಿದಳು. ಕೆಳಗೆ ಮಕ್ಕಳು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. "ಸಿಸ್ಟರಮ್ಮ, ಪಾಚಿ ಹತ್ತತೈತ್ರಿ!" ಎಂದು ಹುಲಿಗೆಮ್ಮ ಒಳಗಿನಿಂದ ಕಿರುಚುತ್ತಿದ್ದಳು.

ಇಷ್ಟಾದರೂ ವಾರ್ಷಿಕ ಸಭೆಯಲ್ಲಿ ವಕೀಲರು ಎದ್ದು ನಿಂತರು. "ಇದು ಮನೆಗಳ ಸಂಘ. ಹಳ್ಳಿ ಉದ್ಧಾರ ಮಾಡಾಕ ಸರ್ಕಾರ ಐತಿ. ಈ ಕೆಲಸ ಇವತ್ತಿಗೆ ಮುಚ್ಚಬೇಕು." ನಾಲ್ಕಾರು ತಲೆಗಳು ಆಡಿದವು. ಹಿಂದಿನ ಬೆಂಚಿನಲ್ಲಿ ನಾಲ್ವರು ಹೆಣ್ಣುಮಕ್ಕಳು ಸ್ಪ್ಯಾನರ್ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಚ್ಚಿದರೆ ಅವರಿಗೆ ಮತ್ತೆ ಗಾರೆ ಬುಟ್ಟಿ. ನಾನು ನಡಾವಳಿ ಪುಸ್ತಕದಲ್ಲಿ ತಲೆ ಹುದುಗಿಸಿದೆ.

ಅತ್ತೆ ಮಾತ್ರ ಹಾಯಾಗಿದ್ದಳು. "ಆತು ಬಿಡ್ರಿ, ಮುಚ್ಚೋಣು. ನಾಳಿಂದ ಆ ಹಳೇ ನಳದವನ್ನ ಕರಿಯೋಣು. ವಕೀಲ್ರ, ನೀವ ಫೋನ್ ಹಚ್ರಿ. ಎಲ್ಲರಿಗೂ ಕೇಳೋ ಹಂಗ ಹಚ್ರಿ."

ವಕೀಲರು ಸ್ಪೀಕರ್ ಹಾಕಿ ಫೋನ್ ಹಚ್ಚಿದರು. "ಒಂದು ಪೈಪು ಒಡದೈತಪ್ಪ, ಈಗ ಬರ್ತೀಯೇನು?"

ಆ ಕಡೆಯಿಂದ ಪ್ರಸನ್ನವಾದ ದನಿ ಬಂತು: "ನಾಳಿ ಬರ್ತೀನ್ರಿ!"

ಸಭಾಂಗಣ ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ವಕೀಲರ ಠರಾವು ಕೊಚ್ಚಿಕೊಂಡು ಹೋಯಿತು. ಕೆಲಸ ಮುಂದುವರಿಯಲಿ ಎಂದು ಕೈ ಎತ್ತಿದವರಲ್ಲಿ ವಕೀಲರ ಹೆಂಡತಿಯೂ ಇದ್ದರು, ಎರಡೂ ಕೈ ಎತ್ತಿ!

ಮರುವಾರ ಹುಲಿಗೆಮ್ಮ ನಮ್ಮನ್ನು ಸಿರಿಗೇರಿಗೆ ಕರೆದಳು. ಊರಿನ ನಲ್ಲಿಗಳನ್ನೆಲ್ಲ ಸರಿಮಾಡುತ್ತ ಬಂದ ಮೇಲೆ ಕೊನೆಗೆ ಅವಳದೇ ಓಣಿಯ ಸರದಿ ಬಂದಿತ್ತು. ಅವಳ ಮನೆ ಮುಂದೆಯೂ ಒಂದು ನಲ್ಲಿಯಿತ್ತು. ಹಾಕಿದಂದಿನಿಂದ ಅದರಲ್ಲಿ ನೀರು ಬಂದದ್ದೇ ಇಲ್ಲವಂತೆ. ಆಡು ಕಟ್ಟಲು ಅನುಕೂಲವಾಗಿತ್ತು. ಹುಲಿಗೆಮ್ಮ ಓಣಿಯ ತುದಿಯಲ್ಲಿ ಅಗೆದು, ಹೂಳು ತುಂಬಿದ್ದ ವಾಲ್ವು ಬಿಚ್ಚಿ ತೊಳೆದು ಕೂರಿಸಿದಳು. ನಲ್ಲಿ ಎರಡು ಸಲ ಕೆಮ್ಮಿತು, ಕೆಂಪು ನೀರು ಕಾರಿತು, ಆಮೇಲೆ ತಿಳಿಯಾಗಿ ಧಾರೆ ಬಿಟ್ಟಿತು. ಆಡು ಹಗ್ಗ ಹರಿದುಕೊಂಡು ಓಡಿತು.

ಹುಲಿಗೆಮ್ಮನ ತಾಯಿ ಒಳಗೋಡಿ ಚೊಂಬು ತಂದು ತುಂಬಿಕೊಂಡಳು. ತುಂಬಿಕೊಂಡು ಹಾಗೇ ನಿಂತುಬಿಟ್ಟಳು. ಕೊಡಲೂ ಇಲ್ಲ, ಕೆಳಗಿಡಲೂ ಇಲ್ಲ. ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಚೆ ಮೇಲೋಣಿಯ ಒಂದಿಬ್ಬರು ನಿಂತು ನೋಡುತ್ತಿದ್ದರು.

"ಬಿಸಲಾಗ ಬಂದೀರಿ..." ಅಂದಳು ಮುದುಕಿ. "ಆದ್ರ ನಮ್ಮ ಕೈಯಾಗಿಂದು... ಅಂಗಡ್ಯಾಗಿನ ಬಾಟ್ಲಿ ತರಸ್ಲೇನ್ರೀ?"

ಅತ್ತೆ ಮುಂದೆ ಹೋಗಿ ಅವಳ ಕೈಯಿಂದ ಚೊಂಬು ತೆಗೆದುಕೊಂಡಳು. ಮನೆಯಲ್ಲಿ ಯಾರಾದರೂ ಚೊಂಬಿಗೆ ತುಟಿ ತಾಗಿಸಿದರೆ ಅರ್ಧ ಗಂಟೆ ರೋಗಾಣುಗಳ ಪುರಾಣ ಹೇಳುವವಳು, ಎಲ್ಲರೂ ನೋಡುತ್ತಿರುವಂತೆ, ಕಚ್ಚಿಯೇ ಕುಡಿದಳು. ಅರ್ಧ ಕುಡಿದು ನನಗೆ ಕೊಟ್ಟಳು. ನಾನೂ ಕುಡಿದು ಖಾಲಿ ಮಾಡಿದೆ.

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತೇ ಇದ್ದಳು. ಅತ್ತೆ ಖಾಲಿ ಚೊಂಬನ್ನು ಅವಳ ಮುಂದೆ ಹಿಡಿದು, ಎಂದೂ ಇಲ್ಲದ ಸಣ್ಣ ದನಿಯಲ್ಲಿ, "ಯವ್ವಾ, ಇನ್ನೊಂದೀಟು ಹಾಕು" ಅಂದಳು.