ಟಕ್ ಎಂದ ಪಿಸ್ತೂಲು

ಪಿಸ್ತೂಲು ಒರೆಸುವ ದ್ರಾವಣಕ್ಕೆ ಕಳಿತ ಬಾಳೆಹಣ್ಣಿನ ವಾಸನೆ. ಚಿಕ್ಕಂದಿನಲ್ಲಿ ಎಲ್‌ವುಡ್, ಅಪ್ಪ ಅದರ ಮುಚ್ಚಳ ತೆಗೆದಾಗಲೆಲ್ಲ ಹಣ್ಣು ಬಂತೆಂದು ಅಡುಗೆಮನೆಗೆ ಓಡುತ್ತಿದ್ದ. ಐವತ್ತು ದಾಟಿದರೂ ಮೋಸಹೋಗುವ ಅಭ್ಯಾಸ ಬಿಟ್ಟಿಲ್ಲ.

ಕೆಂಟಕಿಯ ನಮ್ಮ ಕಣಿವೆಯ ಪಿಸ್ತೂಲು ಕ್ಲಬ್ಬಿಗೆ ಪಕ್ಕದೂರಿನೊಂದಿಗೆ ಗುರಿ ಹೊಡೆಯುವ ಪಂದ್ಯವಿತ್ತು. ತಂಡದಲ್ಲಿ ಉಳಿದದ್ದು ಒಂದೇ ಜಾಗ. ಆಯ್ಕೆ ಆ ಸಂಜೆ. ಪ್ರತಿವರ್ಷ ತಂಡದವರ ಕುರ್ಚಿಗಳನ್ನು ಹೊತ್ತು ಹೋಗುತ್ತಿದ್ದ ಎಲ್‌ವುಡ್‌ಗೆ, ಈ ಸಲವಾದರೂ ಪಿಸ್ತೂಲು ಹಿಡಿದು ಹೋಗುವ ಆಸೆ.

ಬೆಳಿಗ್ಗೆ ಅವನು ಅಭ್ಯಾಸಕ್ಕೆ ಬಂದಾಗ, ಗುರಿ ಕಲಿಸುವ ಮಿಸ್ ವರ್ನಾ ತಾವೇ ಪಿಸ್ತೂಲಿನ ಮ್ಯಾಗಜಿನ್‌ಗೆ ಗುಂಡು ತುಂಬಿಸಿಕೊಟ್ಟರು. ಅಷ್ಟರಲ್ಲಿ ಮನೆಯಿಂದ ಕರೆ ಬಂದು ಹೊರಟುಹೋದರು.

ಢಂ. ಢಂ. ಟಕ್.

ಗುಂಡು ಹಾರಲಿಲ್ಲ. ಪಿಸ್ತೂಲಿನ ಮೂತಿ ಮಾತ್ರ ಕಾಳು ಕುಕ್ಕುವ ಕೋಳಿಯಂತೆ ಕೆಳಗೆ ಬಾಗಿತು. ನಿಯಮದಂತೆ ಗುರಿಹಲಗೆಯ ಹಿಂದಿನ ಮಣ್ಣುದಿಬ್ಬದ ಕಡೆಗೇ ಹಿಡಿದು ಸ್ವಲ್ಪ ಕಾದು, ಆ ಗುಂಡನ್ನು ಹೊರಗೆಳೆದು ಮತ್ತೆ ಒತ್ತಿದ. ಢಂ. ಟಕ್.

"ಸ್ಪ್ರಿಂಗ್ ಸತ್ತಿದೆ ಭಾವ," ಎಂದ, ಆಯ್ಕೆಗೆ ತಾನೂ ನಿಂತಿದ್ದ ಅವನ ಹೆಂಡತಿಯ ತಮ್ಮ ಹರ್ಶಲ್.

"ಸ್ಪ್ರಿಂಗೂ ಇಲ್ಲ, ಮಣ್ಣೂ ಇಲ್ಲ. ಎಣ್ಣೆ ಜಾಸ್ತಿ ಕಣಯ್ಯ. ಇದೇನು ಪಿಸ್ತೂಲೋ, ಮೀನು ಕರಿಯೋ ಬಾಣಲೆಯೋ?" ಎಂದ ಕ್ಷೌರಿಕ ಕ್ಲೀಟಸ್.

"ನಾನು ಮುಟ್ಟಿದ ಮೇಲೆ ಯಾವುದು ತಾನೆ ನೆಟ್ಟಗಿರುತ್ತೆ? ಬಿಚ್ಚಿ ನೋಡ್ರಪ್ಪ," ಎಂದ ಎಲ್‌ವುಡ್.

ಬಿಚ್ಚಿದರು. ಗುಂಡಿನ ತಳಕ್ಕೆ ಬಡಿಯುವ ಸೂಜಿಯ ಸ್ಪ್ರಿಂಗ್ ಮಿಡತೆಯಂತೆ ಹಾರಿ ಜಲ್ಲಿಯಲ್ಲಿ ಮಾಯವಾಯಿತು. ಮೂವರು ಗಂಡಸರು ಮಂಡಿಯೂರಿ ತಲೆಬಾಗಿ ಹುಡುಕುತ್ತಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಪಾದ್ರಿ ಅದನ್ನು ಪ್ರಾರ್ಥನೆಯೆಂದುಕೊಂಡು, ಟೋಪಿ ತೆಗೆದು ತಾವೂ ಒಂದು ಗಳಿಗೆ ನಿಂತರು.

ಪ್ರಾರ್ಥನೆ ಫಲಿಸಲಿಲ್ಲ. ಕ್ಲೀಟಸ್ ತನ್ನ ಬಾಲ್‌ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ತುರುಕಿದ. ಹರ್ಶಲ್ ಸೂಜಿಯನ್ನು ಅರದಿಂದ ಉಜ್ಜಿದ. ಸಂಜೆಯ ಹೊತ್ತಿಗೆ ಪಿಸ್ತೂಲು ಹೊಸ ಮದುಮಗನಂತೆ ಹೊಳೆಯುತ್ತಿತ್ತು. ಹೊಸ ಮದುಮಗನಂತೆಯೇ ತುಟಿಪಿಟಕ್ಕೆನ್ನಲಿಲ್ಲ.

ಆಯ್ಕೆಗೆ ಬಂದ ಮಿಸ್ ವರ್ನಾ ನಡೆದದ್ದನ್ನು ಕೇಳಿ ಕೆನ್ನೆಗೆ ಕೈಯಿಟ್ಟರು.

"ಅಯ್ಯೋ ಮಗನೇ! ಬೆಳಿಗ್ಗೆ ನಡುನಡುವೆ ಮದ್ದಿಲ್ಲದ ಸುಳ್ಳು ಗುಂಡು ಹಾಕಿದ್ದೆ. ಸದ್ದು ಬರೋಕೆ ಮೊದಲೇ ಹೆದರಿ ಕೈ ಬಗ್ಗಿಸ್ತೀಯಲ್ಲ, ಅದು ನಿನಗೇ ಕಾಣಲಿ ಅಂತ. ಪಿಸ್ತೂಲಿಗೆ ಏನೂ ಆಗಿರಲಿಲ್ಲ."

"ಹಾಗಾದ್ರೆ ಕೆಟ್ಟಿದ್ದು ಯಾರು?"

"ಬೆಳಿಗ್ಗೆ ನೀನೊಬ್ಬನೇ. ಈಗ ಇಬ್ಬರೂ."

ಅವನ ಮುಖ ನೋಡಲಾರದೆ ಆಕೆ ತಮ್ಮ ಪಿಸ್ತೂಲನ್ನೇ ಕೊಟ್ಟರು. ಅದು ಒಮ್ಮೆಯೂ ತಪ್ಪದೆ ಸಿಡಿಯಿತು; ಗುಂಡುಗಳೂ ಒಂದೂ ತಪ್ಪದೆ ಮಣ್ಣು ಸೇರಿದವು. ತಂಡದ ಜಾಗ ಹರ್ಶಲ್ ಪಾಲಾಯಿತು.

"ಭಾವ, ಆ ಸ್ಪ್ರಿಂಗು..." ಎಂದು ಆಯ್ಕೆ ಮುಗಿದ ಮೇಲಿನ ಊಟದಲ್ಲಿ ಹರ್ಶಲ್ ತಡವರಿಸಿದ.

"ಬಿಡೋ. ಇನ್ನೊಂದು ಸಿಕ್ಕಿದ್ರೆ ನನ್ನ ಕೈಗೇ ಹಾಕು."

ಹರ್ಶಲ್ ತನಗೆ ಬಡಿಸಿಕೊಂಡಿದ್ದ ಬೀನ್ಸಿನ ಬಟ್ಟಲ ಮೇಲೆ ಮೆಕ್ಕೆಜೋಳದ ಬ್ರೆಡ್ಡಿನ ದೊಡ್ಡ ತುಂಡನ್ನಿಟ್ಟು, ಭಾವನ ಕೈಗೆ ಕೊಟ್ಟ.